ವಿಎಸ್‌ವಿ-ಜಿ ಹೊದಿಕೆಯ ಲೆಂಟಿವೈರಸ್ ವಾಹಕ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಕೋಶದೊಳಕ್ಕೆ ಜೀನ್ ಒಯ್ಯಲು ವೈರಸ್ಸಿನ ಪ್ರೋಟೀನುಗಳನ್ನು ಬಳಸುವ ಕೆಲಸಕ್ಕೆ ಹೊಸದಾಗಿ ಕೈ ಹಾಕಿದವರು ಕೇಳುವ ಪ್ರಶ್ನೆಗಳಿವು. ಉತ್ತರಗಳು ಒಂದೇ ವ್ಯವಸ್ಥೆಯ ಸುತ್ತ ಇವೆ: ಎಚ್‌ಐವಿ-1ರಿಂದ ಕಟ್ಟಿದ ಲೆಂಟಿವೈರಸ್ ವಾಹಕ (ಜೀನ್ ಹೊತ್ತೊಯ್ಯುವ, ಹರಡದ ಕಣ; ಎಚ್‌ಐವಿ ಲೆಂಟಿವೈರಸ್ ಗುಂಪಿನದು), ಅದರ ಮೇಲೆ ವಿಎಸ್‌ವಿ ಎಂಬ ಬೇರೊಂದು ವೈರಸ್ಸಿನ ಜಿ ಪ್ರೋಟೀನಿನ, ಅಂದರೆ ವಿಎಸ್‌ವಿ-ಜಿಯ, ಹೊದಿಕೆ, ತಯಾರಿಕೆ 293ಟಿ ಎಂಬ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯಕೋಶಗಳಲ್ಲಿ. ತಯಾರಿಕೆಯ ಪ್ರಮಾಣಗಳು 10 ಸೆಂ.ಮೀ. ಡಿಶ್ ಒಂದಕ್ಕೆ ಲೆಕ್ಕ ಹಾಕಿದವು.

ಇದರಲ್ಲಿ ವೈರಸ್ಸನ್ನೇ ಬಳಸುತ್ತೇವೆಯೋ, ಅದರ ಪ್ರೋಟೀನುಗಳನ್ನು ಮಾತ್ರವೋ?

ಪ್ರೋಟೀನುಗಳನ್ನು ಮಾತ್ರ. ಗ್ಯಾಗ್ ಎಂಬುದು ಕಣದ ಚಿಪ್ಪನ್ನು ಕಟ್ಟುತ್ತದೆ. ಪೋಲ್‌ನಿಂದ ಮೂರು ಕಿಣ್ವಗಳು ಬರುತ್ತವೆ: ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಆ ಡಿಎನ್‌ಎಯನ್ನು ವರ್ಣತಂತುವಿಗೆ ಸೇರಿಸುವ ಇಂಟಿಗ್ರೇಸ್, ಗ್ಯಾಗ್ ಸರಪಳಿಯನ್ನು ತುಂಡರಿಸಿ ಕಣವನ್ನು ಪಕ್ವಗೊಳಿಸುವ ಪ್ರೋಟಿಯೇಸ್. ಹೊರಪೊರೆಯ ಮೇಲೆ ಮುಳ್ಳುಗಳಂತೆ ನಿಲ್ಲುವುದು ವಿಎಸ್‌ವಿ-ಜಿ.

ಈ ಪ್ರೋಟೀನುಗಳ ಜೀನ್‌ಗಳು ತಯಾರಿಕಾ ಕೋಶದಲ್ಲೇ ಉಳಿಯುತ್ತವೆ. ಕಣದೊಳಕ್ಕೆ ಹತ್ತಲು ಬೇಕಾದ 'ಸೈ' ಎಂಬ ಗುರುತು ಅವುಗಳ ಆರ್‌ಎನ್‌ಎಯಲ್ಲಿ ಇಲ್ಲ. ನಿಮ್ಮ ಜೀನ್ ಹೊತ್ತ ಆರ್‌ಎನ್‌ಎಯಲ್ಲಿ ಮಾತ್ರ ಇದೆ. ಹಾಗಾಗಿ ಕಣ ಒಂದು ಕೋಶವನ್ನು ಹೊಕ್ಕು ಸರಕು ಇಳಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಮುಂದಿನ ಕೋಶಕ್ಕೆ ಹರಡಲು ಬೇಕಾದ ಯಾವ ಜೀನೂ ಅದರ ಬಳಿ ಇರುವುದಿಲ್ಲ.

ಎಚ್‌ಐವಿಯ ಸ್ವಂತ ಹೊದಿಕೆ ಬಿಟ್ಟು ವಿಎಸ್‌ವಿ-ಜಿ ಏಕೆ?

ಎಚ್‌ಐವಿಯ ಹೊದಿಕೆ ಪ್ರೋಟೀನು ಸಿಡಿ4 ಎಂಬ ಗ್ರಾಹಿ ಇರುವ ಕೋಶಗಳಿಗೆ ಮಾತ್ರ ಅಂಟುತ್ತದೆ. ಅದು ಸಡಿಲವೂ ಹೌದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಉದುರಿಹೋಗುತ್ತದೆ. ವಿಎಸ್‌ವಿ ಎಂಬುದು ಅಮೆರಿಕ ಖಂಡಗಳ ದನ, ಕುದುರೆಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್. ದನದಲ್ಲಿ ನೋಡುವುದಕ್ಕೆ ನಮ್ಮ ಕಾಲುಬಾಯಿ ಜ್ವರದಂತೆಯೇ ಕಾಣುತ್ತದೆ, ಆದರೆ ಎರಡಕ್ಕೂ ನಂಟಿಲ್ಲ. ಆ ವೈರಸ್ಸಿನ ಜಿ ಪ್ರೋಟೀನು 511 ಅಮೈನೊ ಆಮ್ಲಗಳದ್ದು. ಮೂರು ಮೂರು ಸೇರಿ ಒಂದು ಮುಳ್ಳಾಗುತ್ತದೆ.

ಅದು ಹಿಡಿಯುವ ಕೊಂಡಿ ಎಲ್‌ಡಿಎಲ್ ಗ್ರಾಹಿ. ಕೊಲೆಸ್ಟರಾಲನ್ನು ಒಳಗೆಳೆದುಕೊಳ್ಳಲು ನಮ್ಮ ಕೋಶಗಳು ಬಳಸುವ ಅದೇ ಗ್ರಾಹಿ ಇದು ಎಂದು 2013ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಫಾಸ್ಫಟಿಡೈಲ್ ಸೆರೀನ್ ಎಂಬ ಕೊಬ್ಬಿಗೆ ಅಂಟುತ್ತದೆ ಎಂದು ಪಾಠಗಳಲ್ಲಿ ಬರೆಯುತ್ತಿದ್ದರು, ಹಳೆಯ ನೋಟ್ಸ್‌ನಲ್ಲಿ ಈಗಲೂ ಅದೇ ಇರುತ್ತದೆ. ಎಲ್‌ಡಿಎಲ್ ಗ್ರಾಹಿ ಬಹುತೇಕ ಎಲ್ಲ ಕೋಶಗಳ ಮೇಲೂ ಇರುವುದರಿಂದಲೇ ಈ ಹೊದಿಕೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ.

ಅಂಟಿದ ಕಣವನ್ನು ಕೋಶ ಒಂದು ಗುಳ್ಳೆಯೊಳಗೆ ನುಂಗುತ್ತದೆ. ಆ ಗುಳ್ಳೆ ಹುಳಿಯಾಗುತ್ತ ಹೋಗಿ ಪಿಎಚ್ 6ರ ಆಸುಪಾಸಿಗೆ ಇಳಿದಾಗ ಜಿ ಪ್ರೋಟೀನು ತನ್ನ ಆಕಾರವನ್ನೇ ಮಡಚಿ ಬದಲಿಸುತ್ತದೆ, ತುದಿಯ ಕುಣಿಕೆಗಳನ್ನು ಗುಳ್ಳೆಯ ಪೊರೆಗೆ ಚುಚ್ಚಿ ಎರಡು ಪೊರೆಗಳನ್ನು ಒಂದಾಗಿಸುತ್ತದೆ. ಚಿಪ್ಪು ಕೋಶರಸಕ್ಕೆ ಜಾರುತ್ತದೆ. ಈ ಹುಳಿಯ ಸಂಗತಿಯನ್ನು ನೆನಪಿಡಿ. ಟೈಟರ್ (ಮಿ.ಲೀ.ಗೆ ಕೆಲಸ ಮಾಡುವ ಕಣಗಳ ಎಣಿಕೆ) ಏಕೆ ಬೀಳುತ್ತದೆ ಎಂಬ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ವಾಹಕದ ಎರಡನೇ ತಲೆಮಾರು, ಮೂರನೇ ತಲೆಮಾರು ಅಂದರೇನು? ಯಾವುದನ್ನು ತೆಗೆದುಕೊಳ್ಳಲಿ?

ತಯಾರಿಕಾ ಕೋಶಕ್ಕೆ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳಲ್ಲಿ ಕೊಡುತ್ತೇವೆ. ಎರಡನೆಯದರಲ್ಲಿ ಮೂರು ಪ್ಲಾಸ್ಮಿಡ್: ನಿಮ್ಮ ಜೀನ್ ಇರುವ ಟ್ರಾನ್ಸ್‌ಫರ್ ಪ್ಲಾಸ್ಮಿಡ್, ಗ್ಯಾಗ್-ಪೋಲ್ ಜೊತೆಗೆ ಎಚ್‌ಐವಿಯ ಎರಡು ಸಹಾಯಕ ಜೀನ್‌ಗಳಾದ ರೆವ್-ಟ್ಯಾಟ್ ಇರುವ ಪಿಎಸ್‌ಪ್ಯಾಕ್ಸ್2, ವಿಎಸ್‌ವಿ-ಜಿ ಇರುವ ಪಿಎಂಡಿ2.ಜಿ. ಮೂರನೆಯದರಲ್ಲಿ ನಾಲ್ಕು. ರೆವ್ ಬೇರೆಯ ಪ್ಲಾಸ್ಮಿಡ್‌ಗೆ ಹೋಗಿರುತ್ತದೆ, ಟ್ಯಾಟ್ ಇರುವುದೇ ಇಲ್ಲ. ಟ್ಯಾಟ್ ಬೇಡವಾಗಲು ಕಾರಣ, ಟ್ರಾನ್ಸ್‌ಫರ್ ಪ್ಲಾಸ್ಮಿಡ್‌ನ 5' ತುದಿಯ ಎಲ್‌ಟಿಆರ್‌ನಲ್ಲಿ (ವೈರಸ್ಸಿನ ಜೀನ್‌ಸರಣಿಯ ಎರಡೂ ತುದಿಗೆ ಇರುವ ಒಂದೇ ಬಗೆಯ ತುಂಡು) ಸಿಎಂವಿ ಅಥವಾ ಆರ್‌ಎಸ್‌ವಿ ಎಂಬ ಬೇರೆ ವೈರಸ್ಸಿನ ಪ್ರೊಮೋಟರ್, ಅಂದರೆ ಜೀನ್ ಚಾಲೂ ಮಾಡುವ ಸ್ವಿಚ್, ಕೂರಿಸಿರುವುದು.

ಆ ತುದಿಯಲ್ಲಿ ಎಚ್‌ಐವಿಯ ಮೂಲ ಎಲ್‌ಟಿಆರ್ ಇದ್ದರೆ ಟ್ಯಾಟ್ ಬೇಕೇ ಬೇಕು. ಅಂಥ ಪ್ಲಾಸ್ಮಿಡ್ಡನ್ನು ಮೂರನೇ ತಲೆಮಾರಿನ ಕಿಟ್ ಜೊತೆ ಹಾಕಿದರೆ ವೈರಸ್ ಹುಟ್ಟುವುದಿಲ್ಲ. ತಿರುವುಮುರುವು ನಡೆಯುತ್ತದೆ: ಮೂರನೇ ತಲೆಮಾರಿನ ಟ್ರಾನ್ಸ್‌ಫರ್ ಪ್ಲಾಸ್ಮಿಡ್ ಪಿಎಸ್‌ಪ್ಯಾಕ್ಸ್2 ಜೊತೆಗೂ ಕೆಲಸ ಮಾಡುತ್ತದೆ. ಪ್ಲಾಸ್ಮಿಡ್‌ನ ಮ್ಯಾಪ್ ತೆರೆದು 5' ತುದಿಯನ್ನು ಒಮ್ಮೆ ನೋಡಿದರೆ ಎರಡು ವಾರ ಉಳಿಯುತ್ತದೆ. ಲ್ಯಾಬಿನ ದಿನನಿತ್ಯದ ಕೆಲಸಕ್ಕೆ ಎರಡನೆಯದರಲ್ಲಿ ಇಳುವರಿ ಚೆನ್ನಾಗಿ ಬರುತ್ತದೆ. ಚಿಕಿತ್ಸೆಯ ದಾರಿಯಲ್ಲಿರುವ ಕೆಲಸಕ್ಕೆ ಮೂರನೆಯದೇ ಸರಿ.

ಎಷ್ಟು ಉದ್ದದ ಜೀನ್ ತುಂಬಬಹುದು?

ಎರಡು ಎಲ್‌ಟಿಆರ್‌ಗಳ ನಡುವೆ ಒಟ್ಟು 8ರಿಂದ 9 ಸಾವಿರ ಬೇಸ್. ಅದು ಬೇಲಿಯಂತೆ ಥಟ್ಟನೆ ನಿಲ್ಲುವ ಮಿತಿಯಲ್ಲ, ಉದ್ದ ಹೆಚ್ಚಿದಂತೆ ಟೈಟರ್ ಇಳಿಯುತ್ತ ಹೋಗುತ್ತದೆ. ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವ್ಯವಸ್ಥೆಯ ಕತ್ತರಿ ಪ್ರೋಟೀನು ಕ್ಯಾಸ್9 ಒಂದೇ ಸುಮಾರು 4,100 ಬೇಸ್ ತಿನ್ನುವುದರಿಂದ ಕ್ರಿಸ್ಪರ್ ಪ್ಲಾಸ್ಮಿಡ್‌ಗಳು ಯಾವಾಗಲೂ ಬರೀ ಜಿಎಫ್‌ಪಿಗಿಂತ (ಹಸಿರಾಗಿ ಹೊಳೆಯುವ ಗುರುತು ಪ್ರೋಟೀನು) ಕಡಿಮೆ ಟೈಟರ್ ಕೊಡುತ್ತವೆ. ಅದು ನಿಮ್ಮ ಕೈತಪ್ಪಲ್ಲ.

ಉದ್ದಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಎರಡು ಸಂಗತಿ. ಒಂದು, ಜೀನ್‌ನ ಕೊನೆಯಲ್ಲಿ ಪಾಲಿ-ಎ ಎಂಬ, ಆರ್‌ಎನ್‌ಎ ಇಲ್ಲಿಗೆ ಮುಗಿಸು ಎನ್ನುವ ಸಂಕೇತವನ್ನು ಉಳಿಸಿಕೊಂಡು ಕ್ಲೋನ್ ಮಾಡುವುದು. ಬೇರೆ ಪ್ಲಾಸ್ಮಿಡ್‌ನಿಂದ ಕ್ಯಾಸೆಟ್ (ಪ್ರೊಮೋಟರ್ ಸಮೇತ ಜೀನ್) ಎತ್ತಿ ತಂದಾಗ ಅದೂ ಜೊತೆಗೆ ಬಂದಿರುತ್ತದೆ. ವೈರಸ್ಸಿನ ಉದ್ದನೆಯ ಆರ್‌ಎನ್‌ಎ ಅಲ್ಲೇ ತುಂಡಾಗುತ್ತದೆ, 3' ಎಲ್‌ಟಿಆರ್ ತಲುಪುವುದೇ ಇಲ್ಲ. ಇನ್ನೊಂದು, ಇಂಟ್ರಾನ್, ಅಂದರೆ ಆರ್‌ಎನ್‌ಎಯಿಂದ ಕೋಶ ಕತ್ತರಿಸಿ ತೆಗೆಯುವ ತುಂಡು. ಇಂಟ್ರಾನ್ ಇರುವ ಜೀನನ್ನು ನೇರ ದಿಕ್ಕಿನಲ್ಲಿ ಇಟ್ಟರೆ ಪ್ಯಾಕ್ ಆಗುವ ಮೊದಲೇ ಅದು ಕತ್ತರಿಸಿಹೋಗಬಹುದು. ಥಲಸ್ಸೇಮಿಯಾಕ್ಕೆಂದು ಕಟ್ಟಿದ ಬೀಟಾ-ಗ್ಲೋಬಿನ್ ವಾಹಕಗಳಲ್ಲಿ ಇಡೀ ಕ್ಯಾಸೆಟ್ಟನ್ನು ಉಲ್ಟಾ ದಿಕ್ಕಿಗೆ ಇಟ್ಟಿರುವುದು ಇದೇ ಕಾರಣಕ್ಕೆ.

ಪ್ಲಾಸ್ಮಿಡ್ ಬೆಳೆಸುವಾಗ ಏನು ಎಚ್ಚರ?

ಎರಡು ಎಲ್‌ಟಿಆರ್‌ಗಳೂ ಹೆಚ್ಚುಕಡಿಮೆ ಒಂದೇ ಬೇಸ್ ಸಾಲು ಆದ್ದರಿಂದ ಸಾಮಾನ್ಯ ಡಿಎಚ್5 ಆಲ್ಫಾ ಬ್ಯಾಕ್ಟೀರಿಯಾದಲ್ಲಿ ಅವು ಒಂದಕ್ಕೊಂದು ಸೇರಿಕೊಂಡು ನಡುವಿನ ಭಾಗ ಕಳೆದುಹೋಗುವುದುಂಟು. ಎಸ್‌ಟಿಬಿಎಲ್3 ಬ್ಯಾಕ್ಟೀರಿಯಾದಲ್ಲಿ, 30 ಡಿಗ್ರಿಯಲ್ಲಿ ಬೆಳೆಸಿ. ಪ್ಲೇಟಿನ ಮೇಲೆ ದಪ್ಪ, ಚಿಕ್ಕ ಎರಡು ಬಗೆಯ ಕಾಲೊನಿ ಕಂಡರೆ ಚಿಕ್ಕವನ್ನು ಆರಿಸಿ; ಪ್ಲಾಸ್ಮಿಡ್ ತುಂಡು ಕಳೆದುಕೊಂಡ ಬ್ಯಾಕ್ಟೀರಿಯಾ ಬೇಗ ದಪ್ಪವಾಗುತ್ತದೆ. ಪ್ರತಿ ಮಿಡಿಪ್ರೆಪ್ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ತೆಗೆಯುವುದು) ಆದ ಮೇಲೂ ಎರಡು ಎಲ್‌ಟಿಆರ್‌ಗಳಲ್ಲೂ ಕತ್ತರಿಸುವ ಕಿಣ್ವವೊಂದರಿಂದ ಜೆಲ್ ಓಡಿಸಿ. ಡಿಎನ್‌ಎ ಶುದ್ಧತೆ ತೋರುವ 260/280 ಅನುಪಾತ 1.8ರಿಂದ 2.0, ಎಂಡೊಟಾಕ್ಸಿನ್ ತೆಗೆದ ಪ್ರೆಪ್ ಇದ್ದರೆ ಉತ್ತಮ.

10 ಸೆಂ.ಮೀ. ಡಿಶ್‌ಗೆ ಪೂರ್ತಿ ವಿಧಾನ ಹೇಳಿ.

ಹಿಂದಿನ ದಿನ ಸಂಜೆ 40ರಿಂದ 50 ಲಕ್ಷ 293ಟಿ ಕೋಶಗಳನ್ನು 10 ಮಿ.ಲೀ. ಮೀಡಿಯಾದಲ್ಲಿ ಹಾಕಿ: ಹೆಚ್ಚು ಗ್ಲೂಕೋಸಿನ ಡಿಎಂಇಎಂ, ಶೇ 10 ಎಫ್‌ಬಿಎಸ್ (ಕರುವಿನ ಸೀರಂ), ಆಂಟಿಬಯಾಟಿಕ್ ಬೇಡ. ಡಿಶ್ಶನ್ನು ದುಂಡಗೆ ತಿರುಗಿಸಿದರೆ ಕೋಶಗಳೆಲ್ಲ ನಡುವಿಗೆ ಬಂದು ಗುಂಪುಗಟ್ಟುತ್ತವೆ. ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ಮೆಲ್ಲಗೆ ಜಾರಿಸಿ, ಸಮನಾಗಿ ಹರಡಲಿ. ಬೆಳಿಗ್ಗೆ ನೋಡಿದಾಗ ತಳದ ಶೇ 70–80 ತುಂಬಿರಬೇಕು. 90 ದಾಟಿದ್ದರೆ ಅಂದು ಟ್ರಾನ್ಸ್‌ಫೆಕ್ಷನ್, ಅಂದರೆ ಕೋಶಕ್ಕೆ ಡಿಎನ್‌ಎ ಹಾಕುವ ಕೆಲಸ, ಮಾಡದಿರುವುದೇ ಲೇಸು.

ಡಿಎನ್‌ಎ ಒಟ್ಟು 20 ಮೈಕ್ರೊಗ್ರಾಂ: ಟ್ರಾನ್ಸ್‌ಫರ್ 10, ಪಿಎಸ್‌ಪ್ಯಾಕ್ಸ್2 7.5, ಪಿಎಂಡಿ2.ಜಿ 2.5. ಇದನ್ನು 500 ಮೈಕ್ರೊಲೀಟರ್ ಸೀರಂ ಇಲ್ಲದ ಮೀಡಿಯಾಕ್ಕೆ ಹಾಕಿ. ಇನ್ನೊಂದು ಟ್ಯೂಬಿನಲ್ಲಿ 500 ಮೈಕ್ರೊಲೀಟರ್ ಅದೇ ಮೀಡಿಯಾಕ್ಕೆ 1 ಮಿ.ಗ್ರಾಂ/ಮಿ.ಲೀ. ಪಿಇಐ (ಡಿಎನ್‌ಎಯನ್ನು ಕೋಶದೊಳಕ್ಕೆ ಒಯ್ಯುವ ಪಾಲಿಮರ್) 60 ಮೈಕ್ರೊಲೀಟರ್. ಅಂದರೆ ತೂಕದಲ್ಲಿ ಡಿಎನ್‌ಎ ಒಂದಕ್ಕೆ ಪಿಇಐ ಮೂರು. ಪಿಇಐಯನ್ನು ಡಿಎನ್‌ಎಗೆ ಸುರಿದು ತಕ್ಷಣ ಹತ್ತು ಸೆಕೆಂಡು ವೋರ್ಟೆಕ್ಸ್ ಮಾಡಿ, ಕೋಣೆಯ ತಾಪದಲ್ಲಿ 15–20 ನಿಮಿಷ ಬಿಡಿ. ಫೋನ್ ಬಂತೆಂದು ಅರ್ಧ ಗಂಟೆ ದಾಟಿಸಿದರೆ ಕಣಗಳು ಉಂಡೆಗಟ್ಟಿ ದೊಡ್ಡದಾಗುತ್ತವೆ, ಕೋಶಕ್ಕೆ ವಿಷವಾಗುತ್ತವೆ. ಡಿಶ್ ಪೂರ್ತಿ ಹನಿಹನಿಯಾಗಿ ಹಾಕಿ.

6ರಿಂದ 16 ಗಂಟೆಯೊಳಗೆ ಮೀಡಿಯಾ ಬದಲಿಸಿ. 293ಟಿ ತಳವನ್ನು ಗಟ್ಟಿಯಾಗಿ ಹಿಡಿಯುವ ಕೋಶವಲ್ಲ, ತಣ್ಣನೆಯ ಮೀಡಿಯಾ ಬಿದ್ದರೂ ಚಾಪೆಯಂತೆ ಎದ್ದು ಬರುತ್ತದೆ. ಮೀಡಿಯಾ 37 ಡಿಗ್ರಿಗೆ ಬೆಚ್ಚಗಿರಲಿ, ಪಿಪೆಟ್ ತುದಿ ಡಿಶ್‌ನ ಗೋಡೆಗೆ ಒರಗಿರಲಿ. ಪದೇ ಪದೇ ಎದ್ದು ಬರುತ್ತಿದ್ದರೆ ಡಿಶ್‌ಗೆ ಮೊದಲೇ ಪಾಲಿ-ಎಲ್-ಲೈಸಿನ್ ಲೇಪಿಸಿ.

48 ಗಂಟೆಗೆ ಮೊದಲ ಕೊಯ್ಲು. ಮೇಲಿನ ಮೀಡಿಯಾ ತೆಗೆದು 4 ಡಿಗ್ರಿಯಲ್ಲಿಡಿ, ಹೊಸತು ಹಾಕಿ, 72 ಗಂಟೆಗೆ ಎರಡನೆಯದು. ಎರಡನ್ನೂ ಸೇರಿಸಿ 500 ಜಿಯಲ್ಲಿ (ಜಿ ಇಲ್ಲಿ ಗುರುತ್ವಬಲದ ಅಳತೆ) 10 ನಿಮಿಷ ತಿರುಗಿಸಿ ಕೋಶಗಳ ಚೂರು ಕೆಳಗಿಳಿಸಿ, ಫಿಲ್ಟರ್ ಮಾಡಿ.

48 ಗಂಟೆಗೆ ಕೋಶಗಳು ಒಂದಕ್ಕೊಂದು ಅಂಟಿ ಕೆಟ್ಟು ಹೋದಂತೆ ಕಾಣುತ್ತಿವೆ. ಎಸೆಯಬೇಕೇ?

ಎಸೆಯಬೇಡಿ, ಮೈಕ್ರೋಸ್ಕೋಪಿನಲ್ಲಿ ಇನ್ನೊಮ್ಮೆ ನೋಡಿ. ಅಂಚುಗಳು ಅಳಿಸಿದಂತಾಗಿ ನಾಲ್ಕೈದು ಕೋಶಗಳು ಒಂದೇ ದೊಡ್ಡ ಚಪ್ಪಟೆ ಗುಡ್ಡೆಯಾಗಿ, ಅದರ ನಡುವೆ ಹಲವು ಕೋಶಕೇಂದ್ರಗಳು ದ್ರಾಕ್ಷಿ ಗೊಂಚಲಿನಂತೆ ಒತ್ತಿಕೊಂಡಿದ್ದರೆ ಅದು ಸಿನ್ಸೀಟಿಯಂ. ಜಿ ಪ್ರೋಟೀನು ತಯಾರಿಕಾ ಕೋಶದ ಹೊರಪೊರೆಗೂ ಬರುತ್ತದೆ, ಪಕ್ಕದ ಕೋಶವನ್ನೂ ಬೆಸೆಯುತ್ತದೆ. ಹೊದಿಕೆ ಚೆನ್ನಾಗಿ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. 48 ಗಂಟೆಗೂ ಸಿನ್ಸೀಟಿಯಂ ಒಂದೂ ಕಾಣದಿದ್ದರೆ ಪಿಎಂಡಿ2.ಜಿ ಟ್ಯೂಬಿನ ಮೇಲೆ ಅನುಮಾನ ಪಡಿ. ದುಂಡಗೆ ಹೊಳೆಯುತ್ತ ಒಂಟೊಂಟಿಯಾಗಿ ತೇಲುವುದೇ ಹೆಚ್ಚಾಗಿದ್ದರೆ ಮಾತ್ರ ಅದು ಸಾವು. ಅದಕ್ಕೆ ಕಾರಣ ಸಾಮಾನ್ಯವಾಗಿ ಪಿಇಐ ಹೆಚ್ಚಾದದ್ದು.

0.22 ಮೈಕ್ರಾನ್ ಫಿಲ್ಟರ್ ಏಕೆ ಬೇಡ?

ಕಣದ ಅಡ್ಡಳತೆ 100–120 ನ್ಯಾನೊಮೀಟರ್. ಲೆಕ್ಕದಲ್ಲಿ ದಾಟಬೇಕು, ನಿಜದಲ್ಲಿ ಚೂರುಗಳಿಂದ ರಂಧ್ರ ಕಟ್ಟಿಕೊಂಡು ಒತ್ತಡ ಏರುತ್ತದೆ, ಕಣಗಳು ನಲುಗುತ್ತವೆ. 0.45 ಮೈಕ್ರಾನ್ ಪಿಇಎಸ್ ಪೊರೆಯ ಫಿಲ್ಟರ್ ಬಳಸಿ. ನೈಟ್ರೋಸೆಲ್ಯುಲೋಸ್ ಬೇಡವೇ ಬೇಡ, ಅದು ಪೊರೆಯ ಪ್ರೋಟೀನುಗಳನ್ನು ಹೀರಿಕೊಳ್ಳುತ್ತದೆ.

ಗಾಢಗೊಳಿಸುವುದು ಹೇಗೆ?

ಅಲ್ಟ್ರಾಸೆಂಟ್ರಿಫ್ಯೂಜ್ ಇದ್ದರೆ: 38 ಮಿ.ಲೀ. ಟ್ಯೂಬಿಗೆ, ಎರಡು ಡಿಶ್‌ಗಳ ಕೊಯ್ಲು ಸೇರಿಸಿ, ಸುಮಾರು 32 ಮಿ.ಲೀ. ವೈರಸ್ ಮೀಡಿಯಾ ಹಾಕಿ, ಉದ್ದನೆಯ ಪಿಪೆಟ್ಟನ್ನು ತಳಕ್ಕಿಳಿಸಿ ಶೇ 20 ಸುಕ್ರೋಸ್ 4 ಮಿ.ಲೀ. ನಿಧಾನವಾಗಿ ಬಿಡಿ. ಕೆಳಗೆ ಬೇರೆಯೇ ಪದರವಾಗಿ ಕೂರುತ್ತದೆ. 25,000 ಆರ್‌ಪಿಎಂ, 2 ಗಂಟೆ, 4 ಡಿಗ್ರಿ. ಪೆಲೆಟ್, ಅಂದರೆ ತಳಕ್ಕೆ ಕೂತ ಕಣಗಳು, ಬಹಳ ಸಲ ಕಣ್ಣಿಗೆ ಕಾಣುವುದೇ ಇಲ್ಲ, ಕಂಡರೂ ಗಾಜಿನ ಮೇಲಿನ ಉಸಿರಿನ ಮಂಜಿನಷ್ಟು. ಆದ್ದರಿಂದ ತಿರುಗಿಸುವ ಮೊದಲೇ ಟ್ಯೂಬಿನ ಹೊರಬದಿಗೆ ಮಾರ್ಕರ್ ಗುರುತು ಹಾಕಿ. ಮೇಲಿನದನ್ನು ಬಗ್ಗಿಸಿ, 200 ಮೈಕ್ರೊಲೀಟರ್ ತಣ್ಣನೆಯ ಪಿಬಿಎಸ್ ಹಾಕಿ, ಪ್ಯಾರಾಫಿಲ್ಮ್ ಸುತ್ತಿ 4 ಡಿಗ್ರಿಯಲ್ಲಿ ಎರಡು ಗಂಟೆಯೋ ಒಂದು ರಾತ್ರಿಯೋ ಬಿಡಿ. ಆಮೇಲೆ ನೊರೆ ಏಳದಂತೆ ಪಿಪೆಟ್ ಆಡಿಸಿ. ನೊರೆಯಲ್ಲಿ ಕಣಗಳ ಹೊದಿಕೆ ಹರಿಯುತ್ತದೆ.

ಯಂತ್ರ ಇಲ್ಲದ ಕಾಲೇಜು ಲ್ಯಾಬಿಗೆ ಕಣಗಳನ್ನು ತಳಕ್ಕಿಳಿಸುವ ಪಿಇಜಿ ಎಂಬ ಪಾಲಿಮರ್ ಸಾಕು. ಕೊನೆಯ ಪ್ರಮಾಣ ಪಿಇಜಿ-8000 ಶೇ 8–10, ಉಪ್ಪು 0.3 ಮೋಲಾರ್ ಬರುವಂತೆ ಬೆರೆಸಿ, ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು 1,600 ಜಿಯಲ್ಲಿ ಒಂದು ಗಂಟೆ ತಿರುಗಿಸಿ. ಬಿಳಿ ಪೆಲೆಟ್ ಚೆನ್ನಾಗಿ ಕಾಣುತ್ತದೆ. ಆದರೆ ಅದರಲ್ಲಿ ಸೀರಂ ಪ್ರೋಟೀನುಗಳೂ ಇರುತ್ತವೆ, ಹೀಗಾಗಿ ನರಕೋಶಗಳಿಗೆ, ಪ್ರಾಣಿಗಳಿಗೆ ಚುಚ್ಚುವ ಕೆಲಸಕ್ಕೆ ಇದು ಬೇಡ.

ಎಷ್ಟು ದಿನ ಇಡಬಹುದು?

4 ಡಿಗ್ರಿಯಲ್ಲಿ ಒಂದೆರಡು ದಿನ. 37 ಡಿಗ್ರಿಯಲ್ಲಿ ಅರ್ಧ ದಿನದೊಳಗೇ ಅರ್ಧಕ್ಕಿಂತ ಹೆಚ್ಚು ಸತ್ತಿರುತ್ತದೆ. ಮೈನಸ್ 80ರಲ್ಲಿ ತಿಂಗಳುಗಟ್ಟಲೆ. ಒಂದು ಪ್ರಯೋಗಕ್ಕೆ ಬೇಕಾದಷ್ಟೇ ಪ್ರಮಾಣದ ಚಿಕ್ಕ ಟ್ಯೂಬುಗಳಾಗಿ ಹಂಚಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಪಿ24 ಎಲೈಸಾ (ಪ್ರೋಟೀನು ಅಳೆಯುವ ಪರೀಕ್ಷೆ) ತುಂಬಾ ಹೆಚ್ಚು ತೋರಿಸಿತು, ಆದರೆ ಕೋಶಗಳು ಹಸಿರಾಗುತ್ತಿಲ್ಲ. ಯಾವುದನ್ನು ನಂಬಲಿ?

ಹಸಿರನ್ನು. ಪಿ24 ಎಂಬುದು ಚಿಪ್ಪಿನ ಪ್ರೋಟೀನು. ಒಂದು ಕಣದಲ್ಲಿ ಸುಮಾರು 2,000 ಅಣುಗಳಿರುತ್ತವೆ. ಆ ಲೆಕ್ಕದಲ್ಲಿ 1 ನ್ಯಾನೊಗ್ರಾಂ ಪಿ24 ಅಂದರೆ ಸುಮಾರು 1.2 ಕೋಟಿ ಕಣ. ಆದರೆ ಖಾಲಿ ಚಿಪ್ಪು, ಹೊದಿಕೆ ಇಲ್ಲದ ಚಿಪ್ಪು, ಒಡೆದ ಚೂರು ಎಲ್ಲವನ್ನೂ ಎಲೈಸಾ ಎಣಿಸುತ್ತದೆ. ನಿಜವಾಗಿ ಕೋಶ ಹೊಕ್ಕು ಜೀನ್ ಸೇರಿಸುವುದು ನೂರರಲ್ಲೊಂದು, ಕೆಲವೊಮ್ಮೆ ಸಾವಿರದಲ್ಲೊಂದು.

ಕೆಲಸಕ್ಕೆ ಬರುವ ಟೈಟರ್ ಹೀಗೆ ತೆಗೆಯಿರಿ. 12 ಗುಂಡಿಯ ಪ್ಲೇಟಿನಲ್ಲಿ ಗುಂಡಿಗೆ 1 ಲಕ್ಷ 293ಟಿ ಅಥವಾ ಹೀಲಾ. 8 ಮೈಕ್ರೊಗ್ರಾಂ/ಮಿ.ಲೀ. ಪಾಲಿಬ್ರೀನ್ (ಕಣ ಕೋಶಕ್ಕೆ ಅಂಟಲು ನೆರವಾಗುವ ರಾಸಾಯನಿಕ) ಜೊತೆ ವೈರಸ್ಸನ್ನು ಹತ್ತು ಹತ್ತು ಪಟ್ಟು ತೆಳುಗೊಳಿಸಿ ಹಾಕಿ. 72 ಗಂಟೆಯ ನಂತರ ಹಸಿರು ಕೋಶಗಳನ್ನು ಎಣಿಸುವ ಫ್ಲೋ ಸೈಟೋಮೀಟರಿನಲ್ಲಿ ಓದಿ. ಶೇ 5ರಿಂದ 20 ಹಸಿರಾದ ಗುಂಡಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಉದಾಹರಣೆಗೆ 1 ಮೈಕ್ರೊಲೀಟರ್ ವೈರಸ್ ಹಾಕಿದ ಗುಂಡಿಯಲ್ಲಿ ಶೇ 12 ಹಸಿರು: 1,00,000 × 0.12 = 12,000; ಅದನ್ನು 0.001 ಮಿ.ಲೀ.ಯಿಂದ ಭಾಗಿಸಿದರೆ ಮಿ.ಲೀ.ಗೆ 1.2 ಕೋಟಿ. ಶೇ 60 ಹಸಿರಾದ ಗುಂಡಿಯಿಂದ ಲೆಕ್ಕ ಹಾಕಿದರೆ ತಪ್ಪುತ್ತೀರಿ. ಅಲ್ಲಿ ಒಂದೇ ಕೋಶಕ್ಕೆ ಎರಡು ಮೂರು ಕಣ ಹೊಕ್ಕಿದ್ದರೂ ಎಣಿಕೆಗೆ ಒಂದೇ ಹಸಿರು.

ಗಾಢಗೊಳಿಸದ ಮೀಡಿಯಾದಲ್ಲಿ ಮಿ.ಲೀ.ಗೆ 10 ಲಕ್ಷದಿಂದ 1 ಕೋಟಿ, ಗಾಢಗೊಳಿಸಿದ ಮೇಲೆ 10 ಕೋಟಿಯಿಂದ 100 ಕೋಟಿ ಬಂದರೆ ಕೈ ಕುದುರಿದೆ ಎಂದರ್ಥ.

ಕೋಶಕ್ಕೊಂದು ಕಣದಂತೆ ಹಾಕಿದೆ. ಎಲ್ಲ ಕೋಶಗಳೂ ಏಕೆ ಹಸಿರಾಗಲಿಲ್ಲ?

ಕಣಗಳು ಪಂಕ್ತಿಯಲ್ಲಿ ಎಲೆಗೊಂದರಂತೆ ಬಡಿಸಿದ ಹಾಗೆ ಬೀಳುವುದಿಲ್ಲ, ಮಳೆಹನಿಯಂತೆ ಬೀಳುತ್ತವೆ. ಸರಾಸರಿ ಕೋಶಕ್ಕೊಂದು ಇದ್ದರೆ ಶೇ 63ರಷ್ಟು ಕೋಶಗಳಿಗೆ ಸಿಗುತ್ತದೆ, ಶೇ 37ಕ್ಕೆ ಸಿಗುವುದೇ ಇಲ್ಲ. ಕೋಶಕ್ಕೆ ಜೀನ್‌ನ ಒಂದೊಂದೇ ಪ್ರತಿ ಬೇಕಿದ್ದರೆ, ಕ್ರಿಸ್ಪರ್ ಲೈಬ್ರರಿಯಂಥ (ಒಂದೊಂದು ಕೋಶದಲ್ಲಿ ಒಂದೊಂದು ಜೀನ್ ಕತ್ತರಿಸಿ ನೋಡುವ) ಕೆಲಸದಲ್ಲಿ, ಸರಾಸರಿ 0.3 ಇಡಿ: ಶೇ 26 ಕೋಶಗಳು ಮಾತ್ರ ಹಸಿರಾಗುತ್ತವೆ, ಆದರೆ ಅವುಗಳಲ್ಲಿ ಶೇ 86ರಲ್ಲಿ ಒಂದೇ ಪ್ರತಿ. ವಾಹಕದಲ್ಲಿ ಪ್ಯೂರೋಮೈಸಿನ್ ಎಂಬ ಔಷಧವನ್ನು ತಡೆದುಕೊಳ್ಳುವ ಜೀನ್ ಇದ್ದರೆ, ಕಣ ಸಿಗದ ಕೋಶಗಳನ್ನು ಆ ಔಷಧ ಕೊಲ್ಲುತ್ತದೆ. ಅದರ ಪ್ರಮಾಣವನ್ನು ನಿಮ್ಮ ಕೋಶದ ಮೇಲೆಯೇ ಮೊದಲು ಪರೀಕ್ಷಿಸಿ ಗೊತ್ತುಮಾಡಿಕೊಳ್ಳಿ.

24 ಗಂಟೆಗೆ ಹಸಿರಾಗಿತ್ತು, ಒಂದು ವಾರಕ್ಕೆ ಮಾಯ. ಏನಾಯಿತು?

ಜೀನ್ ಸೇರಿಯೇ ಇರಲಿಲ್ಲ. ತಯಾರಿಕಾ ಕೋಶದ ಜಿಎಫ್‌ಪಿ ಪ್ರೋಟೀನೇ ವಿಎಸ್‌ವಿ-ಜಿ ಹೊದ್ದ ಗುಳ್ಳೆಗಳಲ್ಲಿ ತುಂಬಿ ಬಂದು ಸುರಿದಿರುತ್ತದೆ, ಇಲ್ಲವೇ ಉಳಿದ ಪ್ಲಾಸ್ಮಿಡ್ ಅಂಟಿಕೊಂಡು ಬಂದಿರುತ್ತದೆ. ಜಿ ಪ್ರೋಟೀನಿಗೆ ಒಳಗಿರುವುದು ವೈರಸ್ಸೋ ಅಲ್ಲವೋ ಎಂಬ ಭೇದವಿಲ್ಲ, ಪೊರೆ ಸಿಕ್ಕರೆ ಬೆಸೆಯುತ್ತದೆ. ಅದಕ್ಕೇ 72 ಗಂಟೆಗೆ ಮೊದಲು ಓದಬೇಡಿ ಎನ್ನುವುದು. ಅನುಮಾನ ಇದ್ದರೆ ಒಂದು ಗುಂಡಿಗೆ ನೆವಿರಾಪಿನ್‌ನಂಥ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ತಡೆ ಔಷಧ ಹಾಕಿ. ಆ ಗುಂಡಿಯಲ್ಲೂ ಹಸಿರು ಬಂದರೆ ಅದು ಸುಳ್ಳು ಹಸಿರು. ಸೇರಿದ ಜೀನ್‌ನ ಪ್ರತಿಗಳನ್ನು ಕ್ಯುಪಿಸಿಆರ್ ಎಂಬ ಡಿಎನ್‌ಎ ಅಳೆಯುವ ಪರೀಕ್ಷೆಯಲ್ಲಿ ಎಣಿಸುವವರು 7–10 ದಿನ ಕಾಯಬೇಕು.

ವಾರಗಟ್ಟಲೆ ಇದ್ದು ನಿಧಾನಕ್ಕೆ ಮಂಕಾಗುವುದು ಬೇರೆಯೇ ಸಂಗತಿ. ಅದು ಪ್ರೊಮೋಟರ್ ಮುಚ್ಚಿಹೋಗುವುದು. ಆಕರಕೋಶಗಳಲ್ಲಿ (ಸ್ಟೆಮ್ ಸೆಲ್) ಸಿಎಂವಿ ಪ್ರೊಮೋಟರ್ ಹೀಗೆಯೇ ಕೈಕೊಡುತ್ತದೆ. ಇಎಫ್1 ಆಲ್ಫಾ ಅಥವಾ ಪಿಜಿಕೆ ಪ್ರೊಮೋಟರ್ ಹಾಕಿ.

ಟೈಟರ್ ಬರುತ್ತಲೇ ಇಲ್ಲ. ಎಲ್ಲಿಂದ ಹುಡುಕಲಿ?

ವೈರಸ್ಸಿನಿಂದಲ್ಲ, ಕೋಶದಿಂದ ಶುರು ಮಾಡಿ. ಸೋಲುಗಳಲ್ಲಿ ಬಹುಪಾಲು ಅಲ್ಲಿಯೇ ಇರುತ್ತದೆ, ಆದರೆ ಎಲ್ಲರೂ ಮೊದಲು ಪ್ಲಾಸ್ಮಿಡ್ ಬದಲಿಸುತ್ತಾರೆ, ಆಮೇಲೆ ಕಂಪನಿ ಬದಲಿಸುತ್ತಾರೆ, ಮೈಕೊಪ್ಲಾಸ್ಮಾ (ಕೋಶಗಳಿಗೆ ಹತ್ತುವ ಅತಿ ಸಣ್ಣ ಬ್ಯಾಕ್ಟೀರಿಯಾ) ಪಿಸಿಆರ್ ಮಾತ್ರ ಮಾಡಿಸುವುದಿಲ್ಲ. ಮೈಕೊಪ್ಲಾಸ್ಮಾ ಸೇರಿದ 293ಟಿ ನೋಡಲು ಚೆನ್ನಾಗಿಯೇ ಇರುತ್ತದೆ, ಮೀಡಿಯಾ ಕದಡುವುದೂ ಇಲ್ಲ, ಟೈಟರ್ ಮಾತ್ರ ಹತ್ತನೇ ಒಂದು ಪಾಲಿಗೆ ಇಳಿದಿರಬಹುದು. ತಿಂಗಳಿಗೊಮ್ಮೆ ಪರೀಕ್ಷಿಸಿ. ಪಾಸೇಜ್ ಸಂಖ್ಯೆ (ಕೋಶಗಳನ್ನು ಎಷ್ಟು ಸಲ ಹೊಸ ಡಿಶ್‌ಗೆ ದಾಟಿಸಿದ್ದು) 20ರ ಒಳಗಿರಲಿ. ಒಮ್ಮೆಯೂ ಪೂರ್ತಿ ತುಂಬಿ ಕೂರಲು ಬಿಡಬೇಡಿ.

ಎರಡನೆಯದು, ಜಿಎಫ್‌ಪಿ ಇರುವ ಟ್ರಾನ್ಸ್‌ಫರ್ ಪ್ಲಾಸ್ಮಿಡ್ ಒಂದನ್ನು ಪ್ರತಿ ಸಲವೂ ಜೊತೆಗೆ ಓಡಿಸಿ. 24 ಗಂಟೆಗೆ ಡಿಶ್‌ನಲ್ಲಿ ಶೇ 80ಕ್ಕಿಂತ ಹೆಚ್ಚು ಹಸಿರು ಇಲ್ಲದಿದ್ದರೆ ತಪ್ಪು ಟ್ರಾನ್ಸ್‌ಫೆಕ್ಷನ್‌ನದು: ಪಿಇಐ ಹಳೆಯದು, ಅದರ ಪಿಎಚ್ 7ಕ್ಕೆ ಸರಿಹೊಂದಿಸಿಲ್ಲ, ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದ್ದಾರೆ, ಇಲ್ಲವೇ ಡಿಎನ್‌ಎ ಅಳತೆ ತಪ್ಪಿದೆ. ಡಿಶ್ ಹಸಿರಾಗಿದ್ದೂ ವೈರಸ್ ಬಾರದಿದ್ದರೆ ತಪ್ಪು ಪ್ಯಾಕಿಂಗ್ ಪ್ಲಾಸ್ಮಿಡ್‌ಗಳದ್ದು. ಹೋಲಿಕೆಯ ಜಿಎಫ್‌ಪಿ ವೈರಸ್ ಚೆನ್ನಾಗಿ ಬಂದು ನಿಮ್ಮ ಜೀನ್‌ನದು ಮಾತ್ರ ಬಾರದಿದ್ದರೆ ತಪ್ಪು ಕ್ಲೋನ್‌ನಲ್ಲಿದೆ: ಉದ್ದ, ಪಾಲಿ-ಎ, ಇಂಟ್ರಾನ್, ಎಲ್‌ಟಿಆರ್ ಕಳೆದುಹೋದದ್ದು, ಅಥವಾ ಜೀನ್ ಸ್ವತಃ 293ಟಿಗೆ ವಿಷ. ಈ ಮೂರು ಹಂತಗಳನ್ನು ಬೇರ್ಪಡಿಸದೆ ಹುಡುಕಿದರೆ ತಿಂಗಳುಗಳು ಹೋಗುತ್ತವೆ.

ಮೂರನೆಯದು ಹುಳಿ. ಕೊಯ್ಲಿನ ಹೊತ್ತಿಗೆ ಮೀಡಿಯಾ ನಿಂಬೆಹಣ್ಣಿನ ಹಳದಿಗೆ ತಿರುಗಿದ್ದರೆ ಪಿಎಚ್ ಇಳಿದಿದೆ. ಗುಳ್ಳೆಯೊಳಗೆ ಆಗಬೇಕಾದ ಆಕಾರ ಬದಲಾವಣೆಯತ್ತ ಜಿ ಪ್ರೋಟೀನು ಹೊರಗೇ ವಾಲುತ್ತದೆ. ಆಕಾರವೇನೋ ಪಿಎಚ್ ಏರಿಸಿದರೆ ಮರಳುತ್ತದೆ, ಆದರೆ ಅಷ್ಟರಲ್ಲಿ ಕಣಗಳು ಒಂದಕ್ಕೊಂದು ಅಂಟಿ ಹಾಳಾಗಿರುತ್ತವೆ. ಕಿತ್ತಳೆ-ಕೆಂಪು ಇರುವಾಗಲೇ ತೆಗೆಯಿರಿ. ಬೇಗ ಹಳದಿಯಾಗುತ್ತಿದ್ದರೆ ಕೋಶ ಕಡಿಮೆ ಹಾಕಿ, ಅಥವಾ 24, 48, 72 ಗಂಟೆಗೆ ಮೂರು ಕೊಯ್ಲು ಮಾಡಿ.

ಪಾಲಿಬ್ರೀನ್ ಹಾಕಿದರೆ ನನ್ನ ಕೋಶಗಳು ಸಾಯುತ್ತವೆ.

ಕೋಶ ಮತ್ತು ಕಣ ಎರಡರ ಮೇಲೂ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. ಪಾಲಿಬ್ರೀನ್ ಅದನ್ನು ಅಡಗಿಸುತ್ತದೆ, ಅಷ್ಟೇ. ನೇರವಾಗಿ ದೇಹದಿಂದ ತೆಗೆದ ಕೋಶಗಳಿಗೆ, ನರಕೋಶಗಳಿಗೆ ಅದು ಭಾರ. ಪ್ರೋಟಮೈನ್ ಸಲ್ಫೇಟ್ 8–10 ಮೈಕ್ರೊಗ್ರಾಂ/ಮಿ.ಲೀ. ಬಳಸಿ. ಅಥವಾ ಪ್ಲೇಟನ್ನೇ 800–1,000 ಜಿಯಲ್ಲಿ, 32 ಡಿಗ್ರಿಯಲ್ಲಿ, 60–90 ನಿಮಿಷ ತಿರುಗಿಸಿ.

ಟಿ ಕೋಶಗಳು ವೈರಸ್ಸನ್ನು ತೆಗೆದುಕೊಳ್ಳುವುದೇ ಇಲ್ಲವಲ್ಲ?

ಟಿ ಕೋಶ ರಕ್ತದ ರೋಗನಿರೋಧಕ ಕೋಶ. ವಿಶ್ರಾಂತಿಯಲ್ಲಿರುವ ಟಿ ಕೋಶದ ಮೇಲೆ ಎಲ್‌ಡಿಎಲ್ ಗ್ರಾಹಿ ತೀರಾ ಕಡಿಮೆ, ಹಿಡಿಯಲು ಕೊಂಡಿಯೇ ಇಲ್ಲ. ಅದನ್ನು ಚುರುಕುಗೊಳಿಸುವ ಸಿಡಿ3/ಸಿಡಿ28 ಮಣಿಗಳು ಮತ್ತು ಐಎಲ್-2 ಪ್ರೋಟೀನು ಹಾಕಿ 24–48 ಗಂಟೆ ಎಬ್ಬಿಸಿದ ಮೇಲೆ ಗ್ರಾಹಿ ಮೇಲೆ ಬರುತ್ತದೆ, ಆಗ ವೈರಸ್ ಕೊಡಿ. ಕಣವನ್ನೂ ಕೋಶವನ್ನೂ ಹತ್ತಿರ ತರುವ ರೆಟ್ರೋನೆಕ್ಟಿನ್ ಪ್ರೋಟೀನು ಲೇಪಿಸಿದ ಪ್ಲೇಟ್ ಬಹಳ ಸಹಾಯ ಮಾಡುತ್ತದೆ. ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಾದ ಎನ್‌ಕೆ ಕೋಶಗಳು ಇನ್ನೂ ಹಟಮಾರಿ. ಅವುಗಳಿಗೆ ಬಬೂನ್ ಎಂಡೊಜೆನಸ್ ವೈರಸ್ಸಿನ ಹೊದಿಕೆ ತೊಡಿಸುವುದು ವಿಎಸ್‌ವಿ-ಜಿಗಿಂತ ಎಷ್ಟೋ ಮೇಲು.

ಎಎವಿ ಬಳಸಿದರೆ ಆಗದೇ?

ಕೆಲಸದ ಮೇಲೆ ಹೋಗುತ್ತದೆ. ಎಎವಿ ಇನ್ನೊಂದು ಸಣ್ಣ ವೈರಸ್ಸಿನಿಂದ ಕಟ್ಟಿದ ವಾಹಕ: ಪೊರೆ ಇಲ್ಲದ, 25 ನ್ಯಾನೊಮೀಟರಿನ, 60 ಪ್ರೋಟೀನುಗಳ ಗಟ್ಟಿ ಚಿಪ್ಪು. 4,700 ಬೇಸ್ ಮಾತ್ರ ಹಿಡಿಸುತ್ತದೆ. ಅದರ ಡಿಎನ್‌ಎ ಬಹುಪಾಲು ವರ್ಣತಂತುವಿಗೆ ಸೇರದೆ ಪಕ್ಕದಲ್ಲೇ ಉಳಿಯುತ್ತದೆ. ಕಣ್ಣು, ಯಕೃತ್ತು, ಸ್ನಾಯುವಿನಂಥ ವಿಭಜಿಸದ ಕೋಶಗಳಿಗೆ, ನೇರ ದೇಹಕ್ಕೆ ಕೊಡಲು ಅದು ಸೂಕ್ತ. ರಕ್ತದ ಆಕರಕೋಶ, ಟಿ ಕೋಶಗಳಂತೆ ವಿಭಜಿಸುತ್ತಲೇ ಇರುವವಕ್ಕೆ ಪ್ರತಿ ಮರಿಗೂ ಜೀನ್ ದಾಟಬೇಕು, ಅಲ್ಲಿ ಲೆಂಟಿವೈರಸ್ ಬೇಕು. ವಿಎಸ್‌ವಿ-ಜಿ ಕಣವನ್ನು ನೇರ ರಕ್ತಕ್ಕೆ ಕೊಟ್ಟರೆ ಮನುಷ್ಯನ ಸೀರಂನ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಗುಂಪು ಅದನ್ನು ಕೆಡಿಸುತ್ತದೆ. ಅದಕ್ಕೇ ಕೋಶವನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ಜೀನ್ ಸೇರಿಸಿ, ಮರಳಿ ಕೊಡುವ ಪದ್ಧತಿ ಬೆಳೆದದ್ದು.

ಜೀನ್ ಎಲ್ಲೆಂದರಲ್ಲಿ ಸೇರಿ ಕ್ಯಾನ್ಸರ್ ತರುವುದಿಲ್ಲವೇ?

ತರಬಹುದು, ಈ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. 2000ದ ದಶಕದ ಆರಂಭದಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ರೋಗನಿರೋಧಕ ಶಕ್ತಿ ಇಲ್ಲದೆ ಹುಟ್ಟಿದ ಮಕ್ಕಳಿಗೆ ಗಾಮಾರೆಟ್ರೋವೈರಸ್ (ಲೆಂಟಿವೈರಸ್ಸಿನ ನಂಟಿನ ಬೇರೆ ವೈರಸ್) ವಾಹಕದಿಂದ ಚಿಕಿತ್ಸೆ ಕೊಟ್ಟಾಗ ಕೆಲವರಿಗೆ ಲ್ಯುಕೇಮಿಯಾ ಬಂತು. ವಾಹಕದ ಬಲವಾದ ಎಲ್‌ಟಿಆರ್ ಎಲ್‌ಎಂಒ2 ಎಂಬ ಜೀನ್ ಪಕ್ಕ ಕೂತು ಅದನ್ನು ಕೆರಳಿಸಿತ್ತು. ಈಗಿನ ವಾಹಕಗಳಲ್ಲಿ 3' ಎಲ್‌ಟಿಆರ್‌ನ ಯು3 ಎಂಬ ಸ್ವಿಚ್ ಭಾಗ ಕತ್ತರಿಸಿರುತ್ತಾರೆ. ಪ್ರತಿ ಬರೆಯುವಾಗ ಆ ಕೊರತೆ ಎರಡೂ ತುದಿಗೆ ದಾಟಿ, ಕೋಶದೊಳಗೆ ಎಲ್‌ಟಿಆರ್ ಮೂಕವಾಗುತ್ತದೆ. ಇಷ್ಟಾದರೂ ಒಳಗಿನ ಪ್ರೊಮೋಟರ್ ಬಲವಾಗಿದ್ದರೆ ಅಪಾಯ ಉಳಿಯುತ್ತದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸ್ಕೈಸೋನಾ ಲೆಂಟಿವೈರಸ್ ಚಿಕಿತ್ಸೆ ಪಡೆದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕಂಡುಬಂದಿದೆ. ಆದ್ದರಿಂದ ಕೋಶಕ್ಕೆ ಎಷ್ಟು ಪ್ರತಿ ಎಂಬುದನ್ನು ಅಳೆಯದೆ, ಸರಾಸರಿ 5ರ ಕೆಳಗಿಡದೆ ಚಿಕಿತ್ಸೆಯ ಮಾತೇ ಆಡುವಂತಿಲ್ಲ.

ಭಾರತದಲ್ಲಿ ಇದು ರೋಗಿಗಳವರೆಗೆ ತಲುಪಿದೆಯೇ?

ತಲುಪಿದೆ. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ (ರೋಗಿಯ ಟಿ ಕೋಶಕ್ಕೆ ಜೀನ್ ಸೇರಿಸಿ ರಕ್ತದ ಕ್ಯಾನ್ಸರ್ ವಿರುದ್ಧ ಬಿಡುವುದು) ಅಕ್ಟೋಬರ್ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಟಿ ಕೋಶಗಳಿಗೆ ಜೀನ್ ಒಯ್ದದ್ದು ಲೆಂಟಿವೈರಸ್ ವಾಹಕವೇ. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಕಾರ್-ಟಿ ಚಿಕಿತ್ಸೆಯನ್ನು ಹೊರತಂದಿತು. ವೆಲ್ಲೂರಿನ ಸಿಎಂಸಿಯಲ್ಲಿ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಐವರ ರಕ್ತದ ಆಕರಕೋಶಗಳಿಗೆ ಲೆಂಟಿವೈರಸ್ ಮೂಲಕ ಜೀನ್ ಸೇರಿಸಿದ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅಲ್ಲಿನ ಆಕರಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ಘಟಕ.

ಅನುಮತಿ ಮತ್ತು ಲ್ಯಾಬ್ ಸುರಕ್ಷತೆ?

ಮೊದಲ ಡಿಶ್ ಹಾಕುವ ಮುನ್ನವೇ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ, ಅಂದರೆ ಐಬಿಎಸ್‌ಸಿಯ, ಮುಂದೆ ಹೋಗಿ. ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ ಎಂಬ ಪರಿಶೀಲನಾ ಸಮಿತಿ ಇದೆ. ಕೆಲಸ ಬಿಎಸ್‌ಎಲ್-2 (ಜೈವಿಕ ಸುರಕ್ಷತೆಯ ಎರಡನೇ ಹಂತದ) ಕೋಣೆಯಲ್ಲಿ, ಕ್ಲಾಸ್ 2 ಕ್ಯಾಬಿನೆಟ್ಟಿನೊಳಗೆ, ಎರಡು ಜೊತೆ ಗ್ಲೌಸ್ ಹಾಕಿ. ಲ್ಯಾಮಿನಾರ್ ಹುಡ್ ಬೇಡ, ಅದು ಗಾಳಿಯನ್ನು ನಿಮ್ಮ ಮುಖಕ್ಕೆ ಊದುತ್ತದೆ. ವೈರಸ್ ಇರುವಲ್ಲಿ ಸೂಜಿ, ಗಾಜಿನ ಪಿಪೆಟ್ ಇರಬಾರದು. ದ್ರವ ತ್ಯಾಜ್ಯಕ್ಕೆ ಅಂದೇ ಕಲಸಿದ ಬ್ಲೀಚ್ ಹಾಕಿ, ಹೈಪೊಕ್ಲೋರೈಟ್ ಕೊನೆಯಲ್ಲಿ ಶೇ 0.5 ಇರಲಿ, 30 ನಿಮಿಷ ಬಿಡಿ. ವಾರದ ಹಿಂದೆ ಕಲಸಿಟ್ಟ ಬ್ಲೀಚಿಗೆ ಕಸುವಿರುವುದಿಲ್ಲ.

ಕ್ಯಾನ್ಸರ್ ತರಬಲ್ಲ ಜೀನ್ ಅಥವಾ ಮನುಷ್ಯನ ಜೀನ್ ಕತ್ತರಿಸುವ ಕ್ರಿಸ್ಪರ್ ಒಳಗಿದ್ದರೆ ಎಚ್ಚರ ಇನ್ನೂ ಬಿಗಿಯಾಗಬೇಕು. ವಿಎಸ್‌ವಿ-ಜಿ ನಿಮ್ಮ ಕೋಶಗಳನ್ನೂ ಅಷ್ಟೇ ಸುಲಭವಾಗಿ ಹೊಗುತ್ತದೆ.

ವೈರಸ್ ಕಣ್ಣಿಗೆ ಸಿಡಿದರೆ, ಕೈಗೆ ಚುಚ್ಚಿಕೊಂಡರೆ?

ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ, ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಕಣ್ಣನ್ನು ಐವಾಶ್‌ನಲ್ಲಿ ಅಷ್ಟೇ ಹೊತ್ತು. ಗೈಡ್‌ಗೆ, ಸುರಕ್ಷತಾ ಅಧಿಕಾರಿಗೆ ಹೇಳಿ ಕೂಡಲೇ ವೈದ್ಯರಲ್ಲಿಗೆ ಹೋಗಿ. ಕೆಲವು ಗಂಟೆಗಳೊಳಗೆ ಶುರು ಮಾಡಿದರೆ ಎಚ್‌ಐವಿ ತಡೆ ಔಷಧಗಳಿಂದ ಪ್ರಯೋಜನ ಇರಬಹುದು, ತೀರ್ಮಾನ ವೈದ್ಯರದು. ಅವರಿಗೆ ಒಂದು ಮಾತು ಸ್ಪಷ್ಟವಾಗಿ ತಿಳಿಸಿ: ಈ ಕಣಗಳು ಆಗಲೇ ಪಕ್ವವಾಗಿ ಬಂದಿವೆ, ಹಾಗಾಗಿ ಪ್ರೋಟಿಯೇಸ್ ತಡೆ ಔಷಧದಿಂದ ಲಾಭವಿಲ್ಲ, ಕೆಲಸಕ್ಕೆ ಬರುವವು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮತ್ತು ಇಂಟಿಗ್ರೇಸ್ ತಡೆಯುವವು. ಯಾವ ತಲೆಮಾರಿನ ವಾಹಕ, ಒಳಗೆ ಯಾವ ಜೀನ್, ಟೈಟರ್ ಎಷ್ಟು, ಎಷ್ಟು ಮೈಕ್ರೊಲೀಟರ್ ತಗುಲಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಆ ಹಾಳೆಯನ್ನು ಮೊದಲೇ ತುಂಬಿ ಕ್ಯಾಬಿನೆಟ್ಟಿನ ಪಕ್ಕದ ಗೋಡೆಗೆ ಅಂಟಿಸಿಡಿ, ತಗುಲಿದ ಪ್ರಮಾಣದ ಜಾಗ ಮಾತ್ರ ಖಾಲಿ ಇರಲಿ.